ಗೌರಿ ಹಬ್ಬದ ಸಿಹಿ ನೀರು

ಬೋರನಕಟ್ಟೆ
28 ಆಗಸ್ಟ್ 2025, ಗುರುವಾರ

ದುರ್ಗಕ್ಕನ ಪಾದಕ್ಕೆ ತಂಗಿ ಕರಿಯಮ್ಮನ ನಮಸ್ಕಾರ.

ನಿನ್ನ ಮಗಳು, ಮೊಮ್ಮಗಳು ಇಬ್ಬರನ್ನೂ ನಿನ್ನೆ ಸಂಜೆ ಕಡೂರಿನಲ್ಲಿ ರೈಲು ಹತ್ತಿಸಿ ಬಂದೆ. ಶಿವನಿ ಮುಟ್ಟಿದೆವು ಎಂದು ಪ್ರಿಯಾಂಕಾ ಫೋನ್ ಮಾಡಿದಳು. ನಿನಗೆ ಕಿವಿ ಕೇಳಿಸದೆ ಹೋದ ಮೇಲೆ ಫೋನಿನಲ್ಲಿ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಮಿಕ್ಕಿದ್ದನ್ನು ಹೀಗೆ ಬರೆದರೇ ಸಮಾಧಾನ.

ಹಬ್ಬ ಚೆನ್ನಾಗಿ ಆಯಿತು. ನನಗೆ ಹೆಣ್ಣುಮಕ್ಕಳಿಲ್ಲ ಎಂಬ ಕೊರಗು ಗೌರಿ ಹಬ್ಬದ ದಿನ ಮಾತ್ರ ಇರುವುದಿಲ್ಲ, ಪ್ರಿಯಾಂಕಾ ಬಂದು ಬಾಗಿನ ತೆಗೆದುಕೊಳ್ಳುತ್ತಾಳೆ. ಅವಳ ಮಗಳು ನಯನಳಿಗೆ ಹಸಿರು ಬಳೆ ತೊಡಿಸಿದೆ. ನಮ್ಮ ಕೆಳಬೀದಿಯ ಹೆಂಗಸರೆಲ್ಲ ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಗಂಗೆ ತಂದೆವು. ಬಾವಿ ಮುಚ್ಚಿ ಎಂಟು ವರ್ಷವಾಯಿತಲ್ಲ, ಈಗ ನಮಗೆ ನಲ್ಲಿಯೇ ಗಂಗಮ್ಮ. ಈ ಸಲ ನೀರು ಎಷ್ಟು ಸಿಹಿಯಾಗಿತ್ತು ಎಂದು ಎಲ್ಲರೂ ಹೇಳಿದರು. ನಯನ ನಲ್ಲಿಗೇ ಬಾಯಿ ಒಡ್ಡಿ ಕುಡಿದು, "ಅಜ್ಜಿ, ನಿಮ್ಮೂರ ನೀರು ಸೀ ಐತೆ" ಎಂದಳು.

ಪ್ರಿಯಾಂಕಾ ನಿನಗೆ ಒಂದು ವಿಷಯ ಹೇಳಿಯೇ ಹೇಳುತ್ತಾಳೆ, ಅದಕ್ಕೆ ನಾನೇ ಮೊದಲು ಬರೆಯುತ್ತೇನೆ. ನಮ್ಮ ಯಜಮಾನರಿಗೆ ಆಷಾಢದಿಂದ ತಲೆ ಸುತ್ತು. ಇಪ್ಪತ್ತೆರಡು ವರ್ಷದಿಂದ ಊರಿಗೆ ನೀರು ಬಿಡುವ ಮನುಷ್ಯ, ಈಗ ಟ್ಯಾಂಕಿನ ಏಣಿ ನೋಡಿದರೇ ಕಣ್ಣು ಮುಚ್ಚುತ್ತಾರೆ. ಪಟ್ಟಣ ಪಂಚಾಯ್ತಿಯವರಿಗೆ ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆ. ಆದ್ದರಿಂದ ಬೆಳಕು ಹರಿಯುವ ಮೊದಲು ನಾನೇ ಹತ್ತಿ ಬ್ಲೀಚಿಂಗ್ ಪುಡಿ ಕದಡಿದ ನೀರನ್ನು ಟ್ಯಾಂಕಿಗೆ ಸುರಿದು ಇಳಿಯುತ್ತೇನೆ. ವಾಲ್ವ್ ಮಾತ್ರ ಅವರು ತಿರುಗಿಸುತ್ತಾರೆ. ಕಟ್ಟೆ ಚೌಡಮ್ಮನ ಹೆಸರು ಹೇಳಿಕೊಂಡು ಹತ್ತುತ್ತೇನೆ, ನೀನು ಬೈಯಬೇಡ.

ಕರಿಯಮ್ಮ


ತರೀಕೆರೆ
1 ಸೆಪ್ಟೆಂಬರ್, ಸೋಮವಾರ

ಕರಿಯಮ್ಮನಿಗೆ ಆಶೀರ್ವಾದ.

ಬೈಯಬೇಡ ಎಂದರೆ ಬೈಯದೆ ಇರುತ್ತೇನೆಯೇ? ಐವತ್ತು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಅರವತ್ತು ಅಡಿ ಏಣಿ ಹತ್ತುತ್ತಾಳಂತೆ! ಕೆಳಗೆ ಬಿದ್ದರೆ ನಿನ್ನ ಚೌಡಮ್ಮ ಸೆರಗು ಒಡ್ಡುತ್ತಾಳೇನೇ? ಚಿಕ್ಕವಳಿದ್ದಾಗ ಹುಣಸೆ ಮರ ಹತ್ತಿ ಇಳಿಯಲು ಬಾರದೆ ಅತ್ತವಳು ನೀನು. ಇಳಿಸಿದ್ದು ನಾನು. ತಮ್ಮಯ್ಯನಿಗೆ ಹೇಳು, ತಲೆ ಸುತ್ತಿದರೆ ಆಸ್ಪತ್ರೆಗೆ ಹೋಗಬೇಕು, ಹೆಂಡತಿಯನ್ನು ಟ್ಯಾಂಕಿನ ಮೇಲೆ ಕಳಿಸಬಾರದು.

ನಾನು ಕಣ್ಣು ತೋರಿಸಲು ತರೀಕೆರೆಗೆ ಬಂದಿದ್ದೇನೆ. ಎರಡು ಮೂರು ದಿನ ಆಗುತ್ತದಂತೆ. ನಿನ್ನ ಕಾಗದವನ್ನು ಅಳಿಯ ಇಲ್ಲಿಗೇ ತಂದುಕೊಟ್ಟ. ಇಲ್ಲಿ ಎಲ್ಲ ನೆಟ್ಟಗಿದೆ. ನಯನ ನೀನು ತೊಡಿಸಿದ ಬಳೆ ತೆಗೆಯಲು ಬಿಡುತ್ತಿಲ್ಲ.

ದುರ್ಗಮ್ಮ


ಬೋರನಕಟ್ಟೆ
3 ಸೆಪ್ಟೆಂಬರ್, ಬುಧವಾರ

ಅಕ್ಕ,

ನಿನ್ನ ಕಣ್ಣಿಗೆ ಏನಾಗಿದೆ? ಪೊರೆ ಬಂದಿದೆಯೇ? ಕಿವಿಯಂತೂ ಹೋಯಿತು, ಕಣ್ಣೂ ಹೋದರೆ ನನ್ನ ಕಾಗದ ಓದುವವರು ಯಾರು?

ಇಲ್ಲಿ ಕೆಳಬೀದಿಯಲ್ಲಿ ಕಾಯಿಲೆ ಬಿದ್ದಿದೆ. ವಾಂತಿ, ಭೇದಿ. ಹಬ್ಬ ಕಳೆದ ಮೂರನೇ ದಿನ ಒಂದು ಮನೆಯಲ್ಲಿ ಶುರುವಾಗಿ ಇವತ್ತಿಗೆ ಹನ್ನೊಂದು ಜನ. ಅದರಲ್ಲಿ ಏಳು ಮಕ್ಕಳು. ಪಕ್ಕದ ಮನೆ ಜಯಲಕ್ಷ್ಮಮ್ಮನ ಮೊಮ್ಮಗನನ್ನು ಆಟೋದಲ್ಲಿ ಕಡೂರಿಗೆ ಒಯ್ದರು. ಹುಡುಗನ ಕತ್ತು ನಿಲ್ಲುತ್ತಿರಲಿಲ್ಲ ಅಕ್ಕ. ಜಯಲಕ್ಷ್ಮಮ್ಮ ಆಟೋ ಹತ್ತುವಾಗ ನನ್ನ ಕಡೆ ತಿರುಗಿ ನೋಡಿದಳು.

ಹೆಲ್ತ್ ಇನ್‌ಸ್ಪೆಕ್ಟರ್ ಸಿದ್ದೇಶ್ ಎಂಬುವರು ಬಂದಿದ್ದರು. ಬೀದಿಯ ಮೊದಲ ನಲ್ಲಿಯ ನೀರು ಹಿಡಿದು ಅದಕ್ಕೆ ಹನಿ ಔಷಧಿ ಹಾಕಿದರು. ನೀರು ಹಳದಿಯಾಯಿತು. ಹಳದಿಯಾದರೆ ಪುಡಿ ಸೇರಿದೆ, ನೀರು ಶುದ್ಧವಾಗಿದೆ ಎಂದು ಅರ್ಥ. ಆಮೇಲೆ ಟ್ಯಾಂಕಿನ ಪುಸ್ತಕ ನೋಡಿದರು. ದಿನ ದಿನವೂ "ಪುಡಿ ಹಾಕಿದೆ" ಎಂದು ಬರೆದಿದೆ, ಕೆಳಗೆ ಯಜಮಾನರ ಸಹಿ. "ನೀರಲ್ಲಿ ತಪ್ಪಿಲ್ಲ, ಹೋಟ್ಲು ತಿಂಡಿ ಇರ್ಬೇಕು" ಎಂದು ಹೇಳಿ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ಮಾರುವ ಹುಲಿಯಮ್ಮನ ಹೋಟೆಲಿಗೆ ಬೀಗ ಹಾಕಿಸಿದರು. ಹಬ್ಬದ ಮಾರನೇ ದಿನ ಈ ಬೀದಿಯವರು ಅಲ್ಲಿ ತಿಂದಿದ್ದು ನಿಜ. ಗಂಡ ಸತ್ತ ಹೆಂಗಸು, ಒಬ್ಬಳೇ ಒಲೆ ಊದಿ ಮೂವರನ್ನು ಸಾಕಿದವಳು. ಜನ ಅವಳ ಬಾಗಿಲಲ್ಲಿ ನಿಂತು ಬೈದರು.

ನನಗೆ ಅನ್ನ ಇಳಿಯುವುದಿಲ್ಲ. ನಯನ ಹೊಟ್ಟೆ ತುಂಬ ಉಣ್ಣುತ್ತಾಳಾ? ಸುಮ್ಮನೆ ಕೇಳಿದೆ.

ಕರಿಯಮ್ಮ


ತರೀಕೆರೆ
5 ಸೆಪ್ಟೆಂಬರ್, ಶುಕ್ರವಾರ

ಕರಿಯಮ್ಮ,

ನೀನು ಹೆದರುವುದು ಆ ಏಣಿಗೆ ಎಂದು ನನಗೆ ಗೊತ್ತು. ಊರಿನ ಕಾಯಿಲೆಯನ್ನೂ ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಯಾರೋ ಹಳಸಿದ ಇಡ್ಲಿ ತಿಂದರೆ ನೀನು ಏನು ಮಾಡುತ್ತೀಯೆ? ಚೌಡಮ್ಮನಿಗೆ ಒಂದು ಮೊಸರನ್ನದ ಎಡೆ ಹೇಳಿಕೋ. ಐದು ಮಂಗಳವಾರ ಉಪವಾಸ ಮಾಡು.

ಕಣ್ಣಿನದು ಇನ್ನೂ ಮುಗಿದಿಲ್ಲ. ಇನ್ನೂ ನಾಲ್ಕು ದಿನ ಇರಬೇಕಂತೆ. ಪ್ರಿಯಾಂಕಾಳಿಗೆ ಫೋನ್ ಮಾಡಬೇಡ, ಅವಳಿಗೆ ಕೆಲಸ ಜಾಸ್ತಿ. ನಯನ ಉಣ್ಣುತ್ತಾಳೆ.

ದುರ್ಗಮ್ಮ


ಬೋರನಕಟ್ಟೆ
8 ಸೆಪ್ಟೆಂಬರ್, ಸೋಮವಾರ

ಅಕ್ಕ,

ಈಗ ಹತ್ತೊಂಬತ್ತು ಜನ.

ನಾನು ಪುಡಿಯನ್ನು ಒಂದಕ್ಕೆ ಎರಡು ಹಾಕುತ್ತಿದ್ದೇನೆ. ನೀರು ಬಾಯಿಗಿಟ್ಟರೆ ಗಂಟಲು ಉರಿಯುತ್ತದೆ. ಆದರೂ ಬೀದಿಯ ಕೊನೆಯ ನಾಲ್ಕು ಮನೆಗಳಲ್ಲಿ ಹೊಸದಾಗಿ ಮಲಗುತ್ತಿದ್ದಾರೆ. ನಿನ್ನೆ ಆ ಕೊನೆಯ ನಲ್ಲಿಗೆ ಹೋಗಿ ಬೊಗಸೆಯಲ್ಲಿ ಹಿಡಿದು ಮೂಸಿದೆ. ಪುಡಿಯ ವಾಸನೆಯೇ ಇಲ್ಲ. ಮೇಲೆ ಅಷ್ಟು ಹಾಕಿದ್ದು ಅಲ್ಲಿಗೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಇವರಿಗೆ ಹೇಳಿದೆ. ಇವರು ಗೋಡೆ ಕಡೆ ತಿರುಗಿ ಮಲಗಿದರು. "ಸುಮ್ಕಿರು ಕಣೇ. ಬಾಯ್ ಬಿಟ್ರೆ ಇಬ್ರೂ ಬೀದಿಗೆ ಬೀಳ್ತೀವಿ" ಎಂದರು.

ಚೌಡಮ್ಮನ ಗುಡಿಗೆ ಹೋದೆ. ಬೇಡಿಕೊಳ್ಳಲು ಆಗಲಿಲ್ಲ. ತೀರ್ಥ ಕೊಟ್ಟರು. ಅದೂ ನಲ್ಲಿಯ ನೀರೇ ಎಂದು ನೆನಪಾಗಿ ಬಾಯಿಗೆ ಹಾಕಿಕೊಳ್ಳಲು ಅಂಜಿ ತಲೆಗೆ ಸವರಿಕೊಂಡೆ. ಹುಟ್ಟಿದ ಮೇಲೆ ತೀರ್ಥ ಕುಡಿಯದೆ ಬಂದಿದ್ದು ಇದೇ ಮೊದಲು.

ನಿನಗೆ ಒಂದು ಹೇಳಬೇಕಿದೆ. ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ಕರಿಯಮ್ಮ


ತರೀಕೆರೆ
9 ಸೆಪ್ಟೆಂಬರ್, ಮಂಗಳವಾರ

ಕರಿಯಮ್ಮ,

ನನ್ನ ಕಣ್ಣಿಗೆ ಏನೂ ಆಗಿಲ್ಲ. ನಿನಗೆ ಸುಳ್ಳು ಬರೆದೆ.

ನಯನ ಇಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ನಿಮ್ಮೂರಿಂದ ಬಂದ ಮಾರನೇ ದಿನವೇ ವಾಂತಿ ಹತ್ತಿಕೊಂಡಿತು. ಕಣ್ಣು ಗುಳಿ ಬಿದ್ದು ನಾಲಗೆ ಒಣಗಿ ಹೋಗಿತ್ತು. ಎರಡು ದಿನ ಮಗುವಿಗೆ ಉಚ್ಚೆಯೇ ಬರಲಿಲ್ಲ. ಕಿಡ್ನಿಗೆ ಹತ್ತಿದರೆ ಶಿವಮೊಗ್ಗಕ್ಕೆ ಒಯ್ಯಬೇಕು ಎಂದರು. ಬಳೆ ತೆಗೆಯಲು ಬಿಡುವುದಿಲ್ಲ ಎಂದು ಬರೆದೆನಲ್ಲ, ಸೂಜಿ ಚುಚ್ಚಲು ನರ್ಸ್ ಬಳೆ ತೆಗೆಯುವಾಗ ಮಗು ಅತ್ತದ್ದು ಅದು. ಆ ಕಾಗದವನ್ನು ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು ಬರೆದಿದ್ದೆ. ನೀನು ಗಾಬರಿಯಾಗಿ ಏಣಿಯ ಮೇಲೆ ಕಾಲು ಜಾರೀಯೆ ಎಂದು ಹೇಳಲಿಲ್ಲ.

ಇಷ್ಟು ದಿನ ಮುಚ್ಚಿಟ್ಟು ಈಗ ಯಾಕೆ ಬರೆದೆ ಎಂದರೆ, ಡಾಕ್ಟರಮ್ಮ ದಿನಾ ಒಂದೇ ಮಾತು ಕೇಳುತ್ತಾರೆ. "ಮಗು ಎಲ್ಲಿ ನೀರು ಕುಡಿದಿತ್ತು?" ಪ್ರಿಯಾಂಕಾ "ರೈಲಲ್ಲಿ ಬಾಟ್ಲಿ ನೀರು" ಎಂದು ಹೇಳಿಬಿಟ್ಟಿದ್ದಾಳೆ. ಚಿಕ್ಕಮ್ಮನ ಮನೆಗೆ ಕೆಟ್ಟ ಹೆಸರು ಬರಬಾರದು ಎಂದು. ನಿನ್ನ ಮೂರನೇ ತಾರೀಖಿನ ಕಾಗದ ಮತ್ತೆ ತೆಗೆದು ಓದಿದೆ. ನಿಮ್ಮ ಬೀದಿಯಲ್ಲೂ ಅದೇ ವಾಂತಿ, ಅದೇ ಭೇದಿ. ನಯನ ಹುಲಿಯಮ್ಮನ ಇಡ್ಲಿ ತಿಂದಿಲ್ಲ, ನಿನ್ನ ಮನೆಯಲ್ಲೇ ಉಂಡಿದ್ದಾಳೆ.

ಒಡಹುಟ್ಟಿದವಳಾಗಿ ಕೇಳುತ್ತೇನೆ. ನಿಮ್ಮ ನೀರು ಸರಿ ಇತ್ತೇನೇ?

ದುರ್ಗಮ್ಮ


ಬೋರನಕಟ್ಟೆ
12 ಸೆಪ್ಟೆಂಬರ್, ಶುಕ್ರವಾರ

ಅಕ್ಕ,

ಸರಿ ಇರಲಿಲ್ಲ.

ನಿನ್ನ ಕಾಗದ ನಿನ್ನೆ ಹತ್ತೂವರೆಗೆ ಬಂತು. ನಿಂತಲ್ಲೇ ಓದಿ ಪ್ರಿಯಾಂಕಾಳಿಗೆ ಫೋನ್ ಮಾಡಿದೆ. "ಡ್ರಿಪ್ ತೆಗೆದವ್ರೆ ಚಿಕ್ಕಮ್ಮ, ಗಂಜಿ ಕುಡಿದ್ಲು" ಎಂದಳು. ಬಾಟಲಿ ನೀರಿನ ಮಾತು ಸುಳ್ಳು ಎಂದು ಈಗಲೇ ಡಾಕ್ಟರಿಗೆ ಹೇಳು ಎಂದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಂಚಾಯ್ತಿ ಆಫೀಸಿಗೆ ನಡೆದೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

ಅಲ್ಲಿ ಏನು ಹೇಳಿದೆನೋ ಅದನ್ನೇ ನಿನಗೂ ಬರೆಯುತ್ತೇನೆ.

ಗೌರಿ ಹಬ್ಬದ ಹಿಂದಿನ ಸಂಜೆ ಜಯಲಕ್ಷ್ಮಮ್ಮ, ಇನ್ನೂ ಇಬ್ಬರು ನಮ್ಮ ಮನೆಗೆ ಬಂದರು. "ನಾಳೆ ಒಂದಿನ ಆ ಪುಡಿ ಹಾಕ್ಬೇಡ ಕಣೇ ಕರಿಯಮ್ಮ. ಕಲಶದ ನೀರಿಗೆ ಔಷಧಿ ನಾತ ಹೊಡೆದ್ರೆ ಗೌರಮ್ಮ ಒಳಗೆ ಬತ್ತಾಳಾ?" ಎಂದರು. ನನಗೂ ಹೌದು ಅನ್ನಿಸಿತು. ಅವರು ಕೇಳದಿದ್ದರೂ ನಾನು ಹಾಗೇ ಮಾಡುತ್ತಿದ್ದೆನೋ ಏನೋ. ಬೆಳಗ್ಗೆ ಸ್ನಾನ ಮಾಡಿ ಟ್ಯಾಂಕು ಹತ್ತಿದೆ. ಪುಡಿಯ ಬಕೆಟ್ಟು ಕೆಳಗೇ ಬಿಟ್ಟಿದ್ದೆ. ಮೇಲೆ ಮುಚ್ಚಳ ತೆಗೆದು ಒಂದು ಹೂ, ಒಂದು ಚಿಟಿಕೆ ಅರಿಶಿನ ಹಾಕಿ ಕೈ ಮುಗಿದು ಇಳಿದೆ. ಪುಸ್ತಕದಲ್ಲಿ "ಪುಡಿ ಹಾಕಿದೆ" ಎಂದು ಬರೆದೆ. ಎಲ್ಲರೂ ನೀರು ಸಿಹಿ ಎಂದಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ನಯನ ಬಾಯಿ ಒಡ್ಡಿದಾಗ ನಲ್ಲಿ ತಿರುಗಿಸಿದ್ದು ನಾನೇ.

ಸಿದ್ದೇಶ್ ಅಲ್ಲೇ ಇದ್ದರು. "ಅಮ್ಮ, ಪುಸ್ತಕದಲ್ಲಿ ಹಾಕಿದೆ ಅಂತ ಐತಲ್ಲ?" ಎಂದರು.

"ಬರೆದಿದ್ದು ನಾನು. ಹಾಕ್ಲಿಲ್ಲ."

"ತಮ್ಮಯ್ಯ ಎಲ್ಲಿದ್ದ?"

"ಅವ್ರಿಗೆ ತಲೆ ಸುತ್ತು. ಮೂರು ತಿಂಗಳಿಂದ ನಾನೇ ಹತ್ತೋದು."

ಆಫೀಸಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡಿದರು. ಸಿದ್ದೇಶ್ ಬೈಯಲಿಲ್ಲ ಅಕ್ಕ. ಬೈದಿದ್ದರೆ ಚೆನ್ನಾಗಿತ್ತು. ತಲೆ ಮೇಲೆ ಕೈ ಇಟ್ಟುಕೊಂಡು ಕೂತರು. "ಒಂದಿನ ಪುಡಿ ಇಲ್ಲ ಅಂದ ತಕ್ಷಣ ಇಷ್ಟು ಜನ ಮಲಗಿದ್ರು ಅಂದ್ರೆ, ಕೊಳಕು ದಿನಾ ನೀರಿಗೆ ಸೇರ್ತಾನೇ ಐತೆ. ಪುಡಿ ಅದನ್ನ ತಡೀತಿತ್ತು ಅಷ್ಟೇ. ಇದನ್ನ ಹತ್ತು ದಿನ ಮೊದ್ಲೇ ಹೇಳಿದ್ರೆ ನಾನು ಹೋಟ್ಲಿಗೆ ಬೀಗ ಹಾಕ್ತಾ ಕೂರ್ತಿರ್ಲಿಲ್ಲ" ಎಂದರು. ಕೊನೆಯ ನಲ್ಲಿಯಲ್ಲಿ ಪುಡಿಯ ವಾಸನೆ ಬರುವುದಿಲ್ಲ ಎಂದೆ. ಎದ್ದು ನಿಂತರು.

ಅಲ್ಲಿಯ ನೀರಿಗೆ ಹನಿ ಹಾಕಿದರು. ಹಳದಿಯಾಗಲಿಲ್ಲ. ನೀರು ನಿಲ್ಲಿಸಿ ಚರಂಡಿ ಪಕ್ಕದಲ್ಲಿ ಅಗೆಸಿದರು. ಸಂಜೆ ಐದರ ಹೊತ್ತಿಗೆ ಪೈಪು ಕಂಡಿತು. ಜಾಯಿಂಟು ಬಾಯಿ ಬಿಟ್ಟಿತ್ತು, ಅದಕ್ಕೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿತ್ತು, ಟ್ಯೂಬು ಕೊಳೆತು ಈ ಮಳೆಗಾಲದಲ್ಲಿ ಪೂರ್ತಿ ಹರಿದು ಚರಂಡಿಯ ನೀರು ಒಳಗೆ ಜಿನುಗುತ್ತಿತ್ತು. ಅಷ್ಟು ಹೊತ್ತಿಗೆ ಇವರೂ ಕೋಲೂರಿಕೊಂಡು ಬಂದು ಜನರ ಹಿಂದೆ ನಿಂತಿದ್ದರು.

"ಅದು ನಾನೇ ಕಟ್ಟಿದ್ದು" ಎಂದರು. "ಹನ್ನೊಂದು ವರ್ಷ ಆಯ್ತು. ಹೊಸ ಪೈಪು ಬರೋಗಂಟ ಇರ್ಲಿ ಅಂತ ಕಟ್ಟಿದ್ದೆ. ಆಮೇಲೆ ಮರ್ತೇ ಹೋಯ್ತು."

ಯಾರೋ "ಗಂಡ ಹೆಂಡ್ತಿ ಸೇರ್ಕೊಂಡು ಊರಿಗೇ ವಿಷ ಕುಡಿಸಿದ್ರಲ್ಲೋ" ಎಂದರು. ಜಯಲಕ್ಷ್ಮಮ್ಮ ಅಲ್ಲಿದ್ದಳು. ಪುಡಿ ಹಾಕಬೇಡ ಎಂದು ಕೇಳಿದ್ದು ತಾನು ಎಂದು ಹೇಳುತ್ತಾಳೇನೋ ಎಂದು ಅವಳ ಮುಖ ನೋಡಿದೆ. ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಆಫೀಸಿನಲ್ಲಿ ನಾನೂ ಅವಳ ಹೆಸರು ಹೇಳಿರಲಿಲ್ಲ. ಏಣಿ ಹತ್ತಿದ ಕಾಲು ನನ್ನದು.

ಬರುವ ದಾರಿಯಲ್ಲಿ ಹುಲಿಯಮ್ಮನ ಮನೆಗೆ ಹೋಗಿ ಅವಳ ಮುಂದೆ ಕೂತೆ. "ಏನು ಬಂದೆ?" ಎಂದಳು. ಹೇಳಿದೆ. "ಎದ್ದು ಹೋಗು ಕರಿಯಮ್ಮ, ಇವತ್ತು ನಿನ್ನ ಮುಖ ನೋಡೋಕಾಗಲ್ಲ" ಎಂದಳು.

ನನಗೆ ಈಗ ಕೆಲಸ ಹೋಗುವ ಹೆದರಿಕೆ ಇಲ್ಲ. ನಿನ್ನ ಹೆದರಿಕೆ. ನಾನು ಆಸ್ಪತ್ರೆಗೆ ಬರಲೇ, ಬೇಡವೇ? ನೀನು ಬಾ ಎನ್ನದೆ ಬರುವುದಿಲ್ಲ.

ಕರಿಯಮ್ಮ


ಬೋರನಕಟ್ಟೆ
24 ಸೆಪ್ಟೆಂಬರ್

ಅಕ್ಕ,

ನಿನ್ನಿಂದ ಕಾಗದ ಇಲ್ಲ. ನಯನ ಮನೆಗೆ ಬಂದಳು ಎಂದು ಪ್ರಿಯಾಂಕಾ ಫೋನಿನಲ್ಲಿ ಹೇಳಿದಳು. "ಅವ್ವ ಏನಾದ್ರೂ ಅಂತಾಳಾ?" ಎಂದು ಕೇಳಿದೆ. "ಏನೂ ಅನ್ನಲ್ಲ ಚಿಕ್ಕಮ್ಮ" ಎಂದಳು.

ಹೊಸ ಪೈಪು ಹಾಕಿದರು. ನಮ್ಮ ಬೀದಿಯಲ್ಲಿ ಯಾರೂ ಹೊಸದಾಗಿ ಮಲಗಿಲ್ಲ. ಜಯಲಕ್ಷ್ಮಮ್ಮನ ಮೊಮ್ಮಗ ಸ್ಕೂಲಿಗೆ ಹೋಗುತ್ತಿದ್ದಾನೆ. ಇವರನ್ನು ಕೆಲಸದಿಂದ ತೆಗೆದರು. ವಾಲ್ವಿನ ಕಬ್ಬಿಣದ ಕೀಯನ್ನು ಇವರೇ ಒರೆಸಿ ಎಣ್ಣೆ ಸವರಿ ಒಯ್ದುಕೊಟ್ಟರು.

ಕರಿಯಮ್ಮ


ಬೋರನಕಟ್ಟೆ
5 ಅಕ್ಟೋಬರ್

ಅಕ್ಕ, ಬೈದಾದರೂ ಎರಡು ಸಾಲು ಬರಿ.


ಶಿವನಿ
12 ಅಕ್ಟೋಬರ್, ಭಾನುವಾರ

ಕರಿಯಮ್ಮ,

ನಿನ್ನ ದೊಡ್ಡ ಕಾಗದವನ್ನು ಒಲೆಗೆ ಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ನೀನು ನಲ್ಲಿ ತಿರುಗಿಸಿದ್ದು, ಮಗು ಬಾಯಿ ಒಡ್ಡಿದ್ದು, ಅದನ್ನು ಯಾಕಾದರೂ ಬರೆದೆಯೋ. ರೆಪ್ಪೆ ಮುಚ್ಚಿದರೆ ಅದೇ ಕಾಣುತ್ತದೆ. ಆಸ್ಪತ್ರೆಯಲ್ಲಿ ನಯನ ನೀರು ನೀರು ಎಂದು ಕೇಳುತ್ತಿದ್ದಳಂತೆ. ನನಗೆ ಕೇಳಿಸುತ್ತಿರಲಿಲ್ಲ, ಅವಳ ತುಟಿ ನೋಡುತ್ತಿದ್ದೆ. ಒಂದು ತಿಂಗಳು ನಿನಗೆ ಬರೆಯದೆ ಇದ್ದುದಕ್ಕೆ ನನಗೆ ಬೇಜಾರಿಲ್ಲ.

ಆದರೆ ನಾನೇನು ಮಾಡಿದೆ? ಮಗು ಮಲಗಿದ್ದಾಗ ಕಣ್ಣು ತೋರಿಸಲು ಬಂದೆ ಎಂದು ಬರೆದೆ. ಮೊದಲ ದಿನವೇ ನಿಜ ಬರೆದಿದ್ದರೆ ನೀನು ಅವತ್ತೇ ಆಫೀಸಿಗೆ ಓಡುತ್ತಿದ್ದೆ. ಆ ಕೊನೆಯ ಮನೆಗಳವರು ಮಲಗುತ್ತಿರಲಿಲ್ಲ. ನನ್ನ ಮಗಳು ಡಾಕ್ಟರ ಮುಂದೆ ಸುಳ್ಳು ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಅವಳು ಹೇಳಿದ್ದನ್ನು ಆಮೇಲೆ ಕಾಗದದಲ್ಲಿ ಬರೆದು ತೋರಿಸಿದಳು. ಒಳ್ಳೆಯದಾಯಿತು ಎಂದು ತಲೆ ಆಡಿಸಿದೆ. ಇದನ್ನೆಲ್ಲ ನುಂಗಿಕೊಳ್ಳಲು ಇಷ್ಟು ದಿನ ಬೇಕಾಯಿತು.

ದೀಪಾವಳಿಗೆ ನಯನಳನ್ನೂ ಅವಳ ಅಮ್ಮನನ್ನೂ ಶನಿವಾರದ ರೈಲಿಗೆ ಕಳಿಸುತ್ತೇನೆ. ನೀರು ತುಂಬುವ ಹಬ್ಬ ನಿನ್ನ ಮನೆಯಲ್ಲೇ ಆಗಲಿ. ಬಾಟಲಿ ನೀರು ಕಟ್ಟಿ ಕಳಿಸುವುದಿಲ್ಲ. ನೀನೇ ಹಿಡಿದು ಕೊಡು.

ದುರ್ಗಮ್ಮ


ಬೋರನಕಟ್ಟೆ
22 ಅಕ್ಟೋಬರ್, ಬಲಿಪಾಡ್ಯಮಿ

ಅಕ್ಕ,

ನಯನ ಬಂದಳು. ಎಷ್ಟು ಸಣ್ಣಗಾಗಿದ್ದಾಳೆ! ಹಸಿರು ಬಳೆ ಮೊಣಕೈವರೆಗೂ ಜಾರುತ್ತವೆ.

ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಎದ್ದು ಟ್ಯಾಂಕಿನ ಹತ್ತಿರ ಹೋದೆ. ನನಗೆ ಅಲ್ಲಿ ಏನೂ ಕೆಲಸವಿಲ್ಲ, ಈಗ ಮೋಹನ್ ಎಂಬ ಹೊಸಬ ಇದ್ದಾನೆ. ಆದರೆ ಅವತ್ತು ನೀರು ತುಂಬುವ ಹಬ್ಬವಲ್ಲವೇ? ನೆನೆಸಿದಂತೆಯೇ ಮೇಲುಬೀದಿಯ ಇಬ್ಬರು ಹೆಂಗಸರು ಬಂದು ಅವನ ಹತ್ತಿರ ನಿಂತಿದ್ದರು. "ಹಂಡೆ ತೊಳೆದು ಪೂಜೆ ಮಾಡಿ ತುಂಬೋ ನೀರು ಕಣಪ್ಪ. ಇವತ್ತೊಂದಿನ..." ಎನ್ನುತ್ತಿದ್ದರು. ಹುಡುಗ ತಲೆ ಕೆರೆದುಕೊಳ್ಳುತ್ತಿದ್ದ.

ನಾನು ಬಕೆಟ್ಟು ಎತ್ತಿ ಅವನ ಕೈಗೆ ಕೊಟ್ಟೆ. ಮಾತಾಡಿದ್ದು ನನ್ನ ಬೆನ್ನ ಹಿಂದಿನಿಂದ ಬಂದ ಜಯಲಕ್ಷ್ಮಮ್ಮ. "ಹಾಕೋ ಮೋಹನ. ಯಾರು ಬಂದು ಕೇಳಿದ್ರೂ ಹಾಕು. ಗೌರಿ ಹಬ್ಬದಲ್ಲಿ ಬೇಡ ಅಂತ ಕೇಳಿದ್ದು ನಾನು. ನನ್ನ ಮಾತು ಕೇಳಿ ಇವ್ಳು ಕೆಟ್ಲು" ಎಂದಳು. ಆ ಇಬ್ಬರ ಎದುರಿಗೇ ಹೇಳಿದಳು ಅಕ್ಕ. ಮೋಹನ್ ಏಣಿ ಹತ್ತಿ ಸುರಿದು ಇಳಿಯುವವರೆಗೆ ನಾವಿಬ್ಬರೂ ಕತ್ತೆತ್ತಿ ನೋಡುತ್ತಾ ನಿಂತಿದ್ದೆವು.

ಸಂಜೆ ಹಂಡೆಗೆ ಹಿಂಡಲೆ ಬಳ್ಳಿ ಸುತ್ತಿ, ಸುಣ್ಣದ ಪಟ್ಟೆ ಎಳೆದು ನೀರು ತುಂಬಿದೆ. ಔಷಧಿಯ ವಾಸನೆ ಮನೆಯೆಲ್ಲ ಹಬ್ಬಿತು. ಅದಕ್ಕೇ ಆರತಿ ಬೆಳಗಿದೆ. ಕುಡಿಯುವ ನೀರನ್ನು ಬೇರೆ ಕಾಯಿಸಿ ಆರಿಸಿ ಇಟ್ಟಿದ್ದೆ. ನಯನ ಲೋಟ ಹಿಡಿದು, "ಅಜ್ಜಿ, ನೀರು" ಎಂದಳು. ಬಗ್ಗಿಸಿ ಕೊಡಲು ಕೈ ಏಳಲಿಲ್ಲ. ಮೊದಲು ನಾನು ಒಂದು ಲೋಟ ಕುಡಿದೆ. ಇವರು ಒಂದು ಲೋಟ ಕುಡಿದರು. ಮಗು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಎಲ್ಲಾ ನೀವೇ ಕುಡ್ಕಂಡ್ರೆ ನಂಗೆ?" ಎಂದಿತು. ಕೊಟ್ಟೆ. ಮುಖ ಹಿಂಡಿ, "ಥೂ, ಸೀ ಇಲ್ಲ" ಎಂದಳು. ಆದರೂ ಲೋಟ ಪೂರ್ತಿ ಕುಡಿದಳು.

ಅವತ್ತಿನಿಂದ ಅವಳ ಹಿಂದೆ ಹಿಂದೆಯೇ ತಿರುಗುತ್ತಿದ್ದೇನೆ. ಹಣೆ ಮುಟ್ಟಿ ನೋಡುತ್ತೇನೆ. ಬಚ್ಚಲಿಗೆ ಹೋದರೆ ಬಾಗಿಲಲ್ಲಿ ನಿಲ್ಲುತ್ತೇನೆ. ಪ್ರಿಯಾಂಕಾ ನಗುತ್ತಾಳೆ, ನಗುತ್ತಲೇ ಅವಳೂ ಬಂದು ನಿಲ್ಲುತ್ತಾಳೆ. ಇವತ್ತಿಗೆ ಹಬ್ಬ ಕಳೆದು ಮೂರನೇ ದಿನ. ಆಗ ಬೀದಿಯಲ್ಲಿ ಕಾಯಿಲೆ ಶುರುವಾಗಿದ್ದು ಮೂರನೇ ದಿನವೇ. ಈಗ ಮಧ್ಯಾಹ್ನ ನಾಲ್ಕು ಗಂಟೆ. ಎರಡು ಹೋಳಿಗೆ ತಿಂದು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಳೆ. ಬಳೆ ಸದ್ದು ಕೇಳಿಸುತ್ತಿದೆ. ಸದ್ದು ನಿಂತಾಗಲೆಲ್ಲ ನಾನು ಬರೆಯುವುದು ನಿಲ್ಲಿಸಿ ಎದ್ದು ನೋಡಿ ಬರುತ್ತೇನೆ.

ಈಗ ಮತ್ತೆ ನಿಂತಿತು. ನೋಡಿ ಬಂದೆ. ಬಿಲ್ಲೆ ಚರಂಡಿಗೆ ಬಿದ್ದಿದೆಯಂತೆ, ಬೇರೆ ಬಿಲ್ಲೆ ಹುಡುಕುತ್ತಿದ್ದಾಳೆ. ಕೈ ತೊಳೆಸಿ ಬಂದೆ.

ಕರಿಯಮ್ಮ